ಕುತ್ತಿಗೆಯ ರಕ್ತನಾಳಕ್ಕೆ ಒಳಪೆಟ್ಟು: ಕ್ಯಾಶುಯಲ್ಟಿಯಿಂದ ಕೊನೆಯ ಹೊಲಿಗೆಯವರೆಗೆ

ಆಗಸ್ಟ್ ತಿಂಗಳು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಮಂಗಳೂರಿನ ದಕ್ಕೆಯಿಂದ ಹೋದ ಒಂದು ಬೋಟಿನಲ್ಲಿ ಬಲೆ ಎಳೆಯುವಾಗ ರೋಪು ಸಿಡಿದು ಒಬ್ಬ ಹುಡುಗನ ಕುತ್ತಿಗೆಯ ಎಡಗಡೆಗೆ ಬಡಿಯಿತು. ಚರ್ಮ ಹರಿಯಲಿಲ್ಲ. ರಕ್ತ ಬರಲಿಲ್ಲ. ಬೆರಳಗಲದ ಒಂದು ಕೆಂಪು ಬರೆ, ಅಷ್ಟೆ. ದಡಕ್ಕೆ ಬಂದು ಒಂದು ಕಡೆ ತೋರಿಸಿದರು. ನೋವಿನ ಮಾತ್ರೆ, ಹಚ್ಚಲು ಮುಲಾಮು ಕೊಟ್ಟು ಮನೆಗೆ ಕಳುಹಿಸಿದರು.

ಮರುದಿನ ಬೆಳಿಗ್ಗೆ ಚಾ ಕುಡಿಯುವಾಗ ಅವನ ಬಲಗೈಯಿಂದ ಗ್ಲಾಸು ಜಾರಿತು. ತಾಯಿ ಏನಾಯಿತು ಅಂತ ಕೇಳಿದರೆ ಅವನಿಗೆ ಮಾತು ಸಿಗಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು. ನಿದ್ದೆ ಸಾಕಾಗಿಲ್ಲ ಅಂತ ಬಿಟ್ಟುಬಿಡಬಹುದಿತ್ತು. ಆ ತಾಯಿ ಬಿಡಲಿಲ್ಲ. ರಿಕ್ಷಾ ಹಿಡಿದು ನಮ್ಮಲ್ಲಿಗೆ ಕರೆದುಕೊಂಡು ಬಂದರು. ನನ್ನನ್ನು ಕೇಳಿದ ಮೊದಲ ಮಾತು ಇದು: "ಪೆಟ್ಟು ಬಿದ್ದದ್ದು ಕುತ್ತಿಗೆಗೆ. ಕೈ ಯಾಕೆ ಹೋಯ್ತು ಡಾಕ್ಟ್ರೇ?"

ನಾನು ರಕ್ತನಾಳದ ಆಪರೇಷನ್ ಮಾಡುವವನು. ಈ ಪ್ರಶ್ನೆಗೆ ಅವತ್ತು ಓಟಿ, ಅಂದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳಿದ್ದೆ. ಸಾಲಲಿಲ್ಲ ಅಂತ ಆಮೇಲೆ ಅನ್ನಿಸಿತು. ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯವರಿಗೆ ಅರ್ಥವಾಗಲಿ, ಕ್ಯಾಶುಯಲ್ಟಿಯಲ್ಲಿ ಕೆಲಸ ಮಾಡುವ ಕಿರಿಯ ಡಾಕ್ಟರು, ನರ್ಸುಗಳಿಗೂ ಉಪಯೋಗ ಆಗಲಿ ಅನ್ನುವ ಆಸೆ. ಒಂದೇ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಓದಿ. ನಾಳದೊಳಗೆ ಹೆಪ್ಪುಗಟ್ಟಿದ ರಕ್ತದ ಒಂದು ಚೂರೂ ಮಿದುಳಿಗೆ ಹೋಗಬಾರದು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಇದಕ್ಕಾಗಿಯೇ.

ಒಳಗೆ ಏನಾಗುತ್ತದೆ

ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕುತ್ತಿಗೆಯಲ್ಲಿ ನಾಲ್ಕು. ಮುಂದೆ ಎಡಕ್ಕೊಂದು, ಬಲಕ್ಕೊಂದು ಕ್ಯಾರೋಟಿಡ್. ಗಂಟಲಿನ ಗಟ್ಟಿ ಉಬ್ಬಿನ ಪಕ್ಕ ಮೆಲ್ಲಗೆ ಬೆರಳಿಟ್ಟರೆ ಬಡಿಯುತ್ತದಲ್ಲ, ಅದೇ. ಹಿಂದೆ ಕತ್ತಿನ ಮೂಳೆಗಳ ತೂತಿನೊಳಗಿಂದ ಮೇಲೆ ಹೋಗುವ ಇನ್ನೆರಡು ವರ್ಟಿಬ್ರಲ್. ಮಿದುಳಿಗೆ ಹೋಗುವ ರಕ್ತದಲ್ಲಿ ನೂರಕ್ಕೆ ಸುಮಾರು 80 ಪಾಲು ಕ್ಯಾರೋಟಿಡ್‌ಗಳದ್ದು.

ಕ್ಯಾರೋಟಿಡ್ ಗಂಟಲಿನ ಉಬ್ಬಿನ ಮಟ್ಟಕ್ಕೆ ಬಂದು ಎರಡಾಗಿ ಕವಲೊಡೆಯುತ್ತದೆ. ಒಳಕವಲು ನೇರ ಮಿದುಳಿಗೆ. ಹೊರಕವಲು ಮುಖ, ನಾಲಗೆ, ತಲೆಯ ಚರ್ಮಕ್ಕೆ. ಈ ಕವಲನ್ನು ನೆನಪಿಟ್ಟುಕೊಳ್ಳಿ. ಆಪರೇಷನ್ನಿನ ಕೊನೆಯ ನಿಮಿಷದಲ್ಲಿ ಇದು ಮತ್ತೆ ಬರುತ್ತದೆ.

ನಾಳ ಒಂದೇ ಪದರದ ಪೈಪಲ್ಲ. ಬಾಳೆದಿಂಡು ಕೊಯ್ದು ನೋಡಿದ್ದೀರಲ್ಲ, ಪದರದ ಮೇಲೆ ಪದರ ಇರುತ್ತದೆ. ಹಾಗೆಯೇ ಇಲ್ಲಿ ಮೂರು ಪದರ. ಹೊರಗಿನದು ಗಟ್ಟಿ. ನಡುವಿನದು ಹಿಗ್ಗುವ ಮಾಂಸದ ಪದರ. ಒಳಗಿನದು ತುಂಬ ತೆಳು, ತುಂಬ ನುಣುಪು. ಜೋರಾಗಿ ಎಳೆದಾಗ ಅಥವಾ ಜಜ್ಜಿದಾಗ ಹೊರಪದರ ತಡೆದುಕೊಳ್ಳುತ್ತದೆ. ಒಳಪದರ ಬಿರಿಯುತ್ತದೆ. ಹಾಗಾಗಿಯೇ ಹೊರಗೆ ಏನೂ ಕಾಣುವುದಿಲ್ಲ.

ಆ ಬಿರುಕಿನೊಳಗೆ ರಕ್ತ ನುಗ್ಗುತ್ತದೆ. ಗದ್ದೆಯ ಹುಣಿಯಲ್ಲಿ ಏಡಿ ಕೊರೆದ ತೂತಿಗೆ ನೀರು ನುಗ್ಗಿ ಮಣ್ಣನ್ನು ಎಬ್ಬಿಸುತ್ತದಲ್ಲ, ಹಾಗೆ ಒಳಪದರವನ್ನು ಎಬ್ಬಿಸುತ್ತಾ ಮೇಲಕ್ಕೆ ಹೋಗುತ್ತದೆ. ಎದ್ದ ಪದರ ದಾರಿಗೆ ಅಡ್ಡ ನಿಲ್ಲುತ್ತದೆ. ಜೊತೆಗೆ ಸಿಪ್ಪೆ ಕಿತ್ತ ಜಾಗಕ್ಕೆ ರಕ್ತದ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ಹೆಪ್ಪು ಕಟ್ಟುತ್ತದೆ. ಅದರಿಂದ ಒಂದು ಚೂರು ಕಳಚಿ ಮೇಲೆ ಹೋಗಿ ಮಿದುಳಿನ ಸಣ್ಣ ನಾಳಕ್ಕೆ ಸಿಕ್ಕಿಕೊಂಡರೆ ಅದೇ ಸ್ಟ್ರೋಕ್. ಎಡ ಮಿದುಳು ಬಲಗೈಯನ್ನು ಆಡಿಸುತ್ತದೆ, ಹೆಚ್ಚಿನವರಲ್ಲಿ ಮಾತೂ ಅಲ್ಲಿಯೇ ಇರುತ್ತದೆ. ಆ ತಾಯಿಯ ಪ್ರಶ್ನೆಗೆ ಉತ್ತರ ಇದು.

ಇದೆಲ್ಲ ಆಗಲು ಹೊತ್ತು ಬೇಕು. ಕೆಲವರಿಗೆ ಕೆಲವೇ ಗಂಟೆ, ಕೆಲವರಿಗೆ ಒಂದೆರಡು ದಿನ. ಹೆಚ್ಚಿನ ಸ್ಟ್ರೋಕ್‌ಗಳು ಮೊದಲ 72 ಗಂಟೆಯೊಳಗೆ ಬರುತ್ತವೆ. ಪೆಟ್ಟಿಗೂ ಸ್ಟ್ರೋಕ್‌ಗೂ ನಡುವಿನ ಈ ಹೊತ್ತೇ ನಮಗೆ ಸಿಗುವ ಅವಕಾಶ.

ಎಂಥ ಪೆಟ್ಟಿನಿಂದ ಹೀಗಾಗುತ್ತದೆ? ಹೆದ್ದಾರಿ 66ರಲ್ಲಿ ಬೈಕು ಬಿದ್ದು ತಲೆ ಹಿಂದಕ್ಕೆ ಬಾಗಿ ಒಂದು ಕಡೆಗೆ ತಿರುಚಿದಾಗ ಒಳಕವಲು ಕತ್ತಿನ ಮೇಲಿನ ಮೂಳೆಗಳ ಮೇಲೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಸ್ಕೂಟರಿನ ಚಕ್ರಕ್ಕೆ ಚೂಡಿದಾರದ ಶಾಲು ಸಿಕ್ಕಿ ಕುತ್ತಿಗೆ ಬಿಗಿದಾಗ, ರಸ್ತೆಗೆ ಅಡ್ಡ ಕಟ್ಟಿದ ಹಗ್ಗ ಬೈಕಿನವನ ಕೊರಳಿಗೆ ಬಡಿದಾಗ, ನೇಣಿನಿಂದ ಇಳಿಸಿ ಬದುಕಿಸಿದವರಲ್ಲಿ, ದವಡೆ ಅಥವಾ ತಲೆಬುರುಡೆಯ ತಳ ಮುರಿದವರಲ್ಲೂ ಆಗುತ್ತದೆ. ಬಾಯಲ್ಲಿ ಪೆನ್ಸಿಲ್ ಅಥವಾ ಬ್ರಷ್ ಇಟ್ಟುಕೊಂಡು ಓಡುವಾಗ ಬಿದ್ದ ಮಕ್ಕಳಲ್ಲೂ ನೋಡುತ್ತೇವೆ. ಸೀಟ್ ಬೆಲ್ಟ್ ಕುತ್ತಿಗೆಯ ಮೇಲೆ ಬರೆ ಹಾಕಿದ್ದರೆ ಅದೂ ಒಂದು ಸುಳಿವು. ಬೆಲ್ಟ್ ಜೀವ ಉಳಿಸುತ್ತದೆ, ಅದನ್ನು ಹಾಕಲೇಬೇಕು. ಪಟ್ಟಿ ಭುಜದ ಮೇಲೆ ಹೋಗುವಂತೆ ಸರಿಮಾಡಿಕೊಳ್ಳಿ.

ಮೊದಲ ಅರ್ಧ ಗಂಟೆ

108ಕ್ಕೆ ಕರೆ ಮಾಡಿ. ಬಿದ್ದವರನ್ನು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸಬೇಡಿ. ಕತ್ತಿನ ಮೂಳೆ ಮುರಿದಿರಬಹುದು. ತಲೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದುಕೊಂಡು ಆಂಬ್ಯುಲೆನ್ಸ್ ಬರುವವರೆಗೆ ಕಾಯಿರಿ. ಕುತ್ತಿಗೆಯಲ್ಲಿ ಊತ ಕಣ್ಣೆದುರೇ ದೊಡ್ಡದಾಗುತ್ತಿದ್ದರೆ ಅಂಗೈಯಿಂದ ಆ ಒಂದೇ ಕಡೆ ಒತ್ತಿ ಹಿಡಿಯಿರಿ. ಗಂಟಲ ಮೇಲೆ ಒತ್ತಬೇಡಿ, ಎರಡೂ ಕಡೆ ಒಟ್ಟಿಗೆ ಒತ್ತಬೇಡಿ.

ಪೊಲೀಸ್ ಕೇಸಿಗೆ ಹೆದರಿ ಹಿಂದೆ ಸರಿಯುವವರು ಈಗಲೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ ಕಲಂ 134ಎ ನೆರವಿಗೆ ಬಂದವರನ್ನು ರಕ್ಷಿಸುತ್ತದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರಕಾರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ. ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿ. ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ ನೋಡಿ, ಸಂಕೋಚ ಬೇಡ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಬಿದ್ದ ಮೇಲೆ ಕುತ್ತಿಗೆ ಹಿಡಿದುಕೊಂಡಿದೆ ಅಂತ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಾಕಿ ತಿಕ್ಕಿಸಬೇಡಿ. ಒಳಗೆ ಹೆಪ್ಪು ಇದ್ದರೆ ಆ ತಿಕ್ಕುವಿಕೆಯೇ ಅದನ್ನು ಮೇಲೆ ಕಳುಹಿಸಬಹುದು.

ಕ್ಯಾಶುಯಲ್ಟಿಯಲ್ಲಿ: ಯಾರಿಗೆ ಸಿಟಿ ಆಂಜಿಯೋ?

ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ, ಈ ಮೂರನ್ನು ನೋಡಿ ಮುಗಿದ ಮೇಲೆಯೇ ಉಳಿದದ್ದು. ಕುತ್ತಿಗೆಯ ಊತ ಬೆಳೆಯುತ್ತಿದ್ದರೆ ಗಂಟಲಿಗೆ ಟ್ಯೂಬ್ ಹಾಕಲು ತಡಮಾಡಬೇಡಿ. ಅರ್ಧ ಗಂಟೆ ಬಿಟ್ಟು ಹಾಕೋಣ ಅಂದರೆ ಆಗ ದಾರಿಯೇ ಸಿಗದೆ ಹೋಗಬಹುದು.

ಆಮೇಲೆ ಕೈಯಿಂದ, ಕಣ್ಣಿಂದ ನೋಡುವ ಕೆಲಸ. ಸ್ಟೆತಸ್ಕೋಪನ್ನು ಕುತ್ತಿಗೆಯ ಮೇಲಿಡಿ. 50 ವರ್ಷದೊಳಗಿನವರ ಕುತ್ತಿಗೆಯಲ್ಲಿ ಸುಯ್ ಅನ್ನುವ ಸದ್ದು ಕೇಳಿದರೆ ಅದನ್ನು ಬಿಡಬಾರದು. ಎರಡೂ ಕಣ್ಣಿನ ಪಾಪೆ ಹೋಲಿಸಿ. ಒಂದು ಕಡೆ ರೆಪ್ಪೆ ಸ್ವಲ್ಪ ಜೋತು, ಪಾಪೆ ಸಣ್ಣದಾಗಿದ್ದರೆ ಕ್ಯಾರೋಟಿಡ್ ಸುತ್ತಲಿನ ನರದ ಬಲೆಗೆ ಪೆಟ್ಟಾಗಿದೆ ಅಂತ ಅರ್ಥ. ನಮ್ಮ ಹುಡುಗನಿಗೆ ಇದು ಇತ್ತು. ಎಡಗಣ್ಣಿನ ರೆಪ್ಪೆ ಒಂದು ಕೂದಲಿನಷ್ಟು ಕೆಳಗೆ. ಹಳೆಯ ಫೋಟೋ ಮೊಬೈಲಿನಲ್ಲಿ ತೋರಿಸಿ ಅಂತ ತಾಯಿಯನ್ನು ಕೇಳಿದೆ. ಅಣ್ಣನ ಮದುವೆಯ ಫೋಟೋದಲ್ಲಿ ಎರಡೂ ಕಣ್ಣು ಸಮ ಇತ್ತು.

ತಲೆಯ ಸಾಮಾನ್ಯ ಸಿಟಿಯಲ್ಲಿ ಏನೂ ಇಲ್ಲ, ಆದರೆ ಕೈಕಾಲಿಗೆ ಬಲ ಇಲ್ಲ ಅಂದರೆ ಕುತ್ತಿಗೆಯ ನಾಳದ ಮೇಲೆ ಅನುಮಾನ ಬರಲೇಬೇಕು. ಲಕ್ಷಣ ಏನೂ ಇಲ್ಲದಿದ್ದರೂ ಈ ಗಾಯಗಳಿದ್ದವರಿಗೆ ಸ್ಕ್ಯಾನ್ ಮಾಡಿ: ಕತ್ತಿನ ಮೂಳೆ ಮುರಿದವರು ಅಥವಾ ಜಾರಿದವರು, ತಲೆಬುರುಡೆಯ ತಳ ಮುರಿದವರು, ಮುಖದ ನಡುಭಾಗದ ಮೂಳೆ ಅಥವಾ ದವಡೆ ಮುರಿದವರು, ಮೇಲಿನ ಪಕ್ಕೆಲುಬು ಮುರಿದವರು, ತಲೆಗೆ ಭಾರೀ ಪೆಟ್ಟಾಗಿ ಪ್ರಜ್ಞೆ ಇಲ್ಲದವರು, ನೇಣಿನಿಂದ ಉಳಿದವರು, ಕುತ್ತಿಗೆಗೆ ಹಗ್ಗ ಅಥವಾ ಬೆಲ್ಟಿನ ಬರೆ ಬಿದ್ದು ಊದಿಕೊಂಡವರು.

ಸ್ಕ್ಯಾನ್ ಅಂದರೆ ಸಿಟಿ ಆಂಜಿಯೋಗ್ರಾಂ. ಕೈಯ ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ಎದೆಯ ಮೇಲ್ಭಾಗದಿಂದ ನೆತ್ತಿಯವರೆಗೆ ತೆಗೆಯುವುದು. ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್, ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ದವಡೆಯ ಹಿಂದೆ, ಮೂಳೆಯ ತೂತಿನೊಳಗೆ ಡಾಪ್ಲರಿಗೆ ಕಾಣುವುದಿಲ್ಲ, ಗಾಯಗಳು ಇರುವುದೇ ಜಾಸ್ತಿ ಅಲ್ಲಿ.

ಐದು ದರ್ಜೆ

ವರದಿಯಲ್ಲಿ ಒಂದರಿಂದ ಐದರವರೆಗೆ ಒಂದು ದರ್ಜೆ ಬರೆದಿರುತ್ತದೆ. ಅಮೆರಿಕದ ಡೆನ್ವರಿನ ಸರ್ಜನ್ನರು 1999ರಲ್ಲಿ ಮಾಡಿದ ಲೆಕ್ಕ, ಈಗ ಎಲ್ಲ ಕಡೆ ಅದೇ. ಮೊದಲನೆಯದು, ಒಳಗೋಡೆ ಸ್ವಲ್ಪ ಒರಟಾಗಿದೆ, ದಾರಿ ಕಾಲುಭಾಗಕ್ಕಿಂತ ಕಡಿಮೆ ಕಿರಿದಾಗಿದೆ. ಎರಡನೆಯದು, ಕಾಲುಭಾಗ ಅಥವಾ ಹೆಚ್ಚು ಕಿರಿದಾಗಿದೆ, ಇಲ್ಲವೇ ಪದರ ಎದ್ದು ನಿಂತಿದೆ, ಇಲ್ಲವೇ ಒಳಗೆ ಹೆಪ್ಪು ಕಾಣುತ್ತಿದೆ. ಮೂರನೆಯದರಲ್ಲಿ ಗೋಡೆ ಹೊರಗೆ ಉಬ್ಬಿ ಗುಳ್ಳೆಯಾಗಿದೆ. ಇದನ್ನು ಸೂಡೋ ಅನ್ಯೂರಿಸಂ ಅನ್ನುತ್ತೇವೆ. ನಾಲ್ಕರಲ್ಲಿ ನಾಳ ಪೂರ್ತಿ ಮುಚ್ಚಿದೆ. ಐದರಲ್ಲಿ ತುಂಡಾಗಿ ರಕ್ತ ಹೊರಗೆ ಸುರಿಯುತ್ತಿದೆ.

ನಮ್ಮ ಹುಡುಗನ ಒಳಕವಲಿನ ಬುಡದಲ್ಲಿ, ಕವಲಿನಿಂದ ಸ್ವಲ್ಪ ಮೇಲೆ, ನೆಲ್ಲಿಕಾಯಿಯಷ್ಟು ಗುಳ್ಳೆ. ಒಳಗೆ ಎದ್ದ ಪದರ, ಅದಕ್ಕೆ ಅಂಟಿದ ಹೆಪ್ಪು. ಮೂರನೇ ದರ್ಜೆ.

ಕತ್ತಿ ಬೇಡದ ದಾರಿ

ಸರ್ಜನ್ ಆಗಿಯೇ ಹೇಳುತ್ತೇನೆ, ಹೆಚ್ಚಿನವರಿಗೆ ಆಪರೇಷನ್ ಬೇಡ. ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟು ಕಾದರೆ ಒಂದನೇ ದರ್ಜೆಯ ಗಾಯಗಳಲ್ಲಿ ಹೆಚ್ಚಿನವು ತಾವಾಗಿಯೇ ಮಾಯುತ್ತವೆ. ಎರಡು, ಮೂರು, ನಾಲ್ಕರಲ್ಲೂ ಮೊದಲು ಯೋಚಿಸುವುದು ಔಷಧವನ್ನೇ.

ಔಷಧ ಎರಡು ಬಗೆ. ಒಂದು ಹೆಪಾರಿನ್. ಇದನ್ನು ಡ್ರಿಪ್‌ನಲ್ಲಿ ನಿಧಾನವಾಗಿ ಕೊಡುತ್ತೇವೆ. ಕಿರಿಯ ಡಾಕ್ಟರುಗಳು ಗಮನಿಸಿ. ಇಲ್ಲಿ ಮೊದಲಿಗೆ ದೊಡ್ಡ ಬೋಲಸ್, ಅಂದರೆ ಒಂದೇ ಸಲಕ್ಕೆ ದೊಡ್ಡ ಡೋಸ್, ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಎಪಿಟಿಟಿ ಪರೀಕ್ಷೆಯನ್ನು 40ರಿಂದ 50 ಸೆಕೆಂಡಿನ ಒಳಗೆ ಇಡುತ್ತೇವೆ. ಅಪಘಾತದ ರೋಗಿಗೆ ಬೇರೆ ಕಡೆಯೂ ಗಾಯ ಇರುತ್ತದೆ, ಅಲ್ಲಿ ರಕ್ತ ಸುರಿಯಬಾರದಲ್ಲ. ಹೆಪಾರಿನ್ ನಿಲ್ಲಿಸಿದರೆ ಕೆಲವು ಗಂಟೆಯಲ್ಲಿ ಪರಿಣಾಮ ಇಳಿಯುತ್ತದೆ, ತುರ್ತಾಗಿ ಇಳಿಸಲು ಪ್ರೋಟಮಿನ್ ಇದೆ. ಇನ್ನೊಂದು ಆಸ್ಪಿರಿನ್. ಅಗ್ಗ, ಸುಲಭ. ಎರಡರಲ್ಲಿ ಯಾವುದನ್ನು ಬೇಗ ಮತ್ತು ಅಪಾಯವಿಲ್ಲದೆ ಶುರುಮಾಡಬಹುದೋ ಅದನ್ನು ಶುರುಮಾಡಿ ಅನ್ನುವವನು ನಾನು. ಯಾವುದು ಮೇಲು ಅಂತ ಚರ್ಚೆ ಮಾಡುತ್ತಾ ಒಂದು ರಾತ್ರಿ ಕಳೆದರೆ ಆ ರಾತ್ರಿಯೇ ಸ್ಟ್ರೋಕ್ ಆಗಿಬಿಡಬಹುದು.

ಕಷ್ಟ ಬರುವುದು ಮಿದುಳಿನಲ್ಲಿ ರಕ್ತಸ್ರಾವ ಇದ್ದಾಗ, ಗುಲ್ಮ ಅಥವಾ ಲಿವರ್ ಸೀಳಿದ್ದಾಗ. ಆಗ ನ್ಯೂರೋಸರ್ಜನ್, ಜನರಲ್ ಸರ್ಜನ್, ನಾವು, ಮೂವರೂ ಒಂದೇ ಮೇಜಿನ ಸುತ್ತ ಕೂತು ದಿನಕ್ಕೆರಡು ಸಲ ತೀರ್ಮಾನ ಮಾಡುತ್ತೇವೆ. ಮನೆಯವರಿಗೆ ಇದು ಗೊಂದಲ ಅಂತ ಕಾಣಿಸಬಹುದು. ಬೆಳಿಗ್ಗೆ ಕೊಡುವುದಿಲ್ಲ ಅಂದದ್ದನ್ನು ಸಂಜೆ ಕೊಟ್ಟರೆ ರೋಗಿಯ ಸ್ಥಿತಿ ಬದಲಾಗಿದೆ ಅಂತ ತಿಳಿಯಿರಿ.

ಯಾವಾಗ ಓಟಿ

ಐದನೇ ದರ್ಜೆಗೆ ಕಾಯುವಂತಿಲ್ಲ. ಊತ ಬೆಳೆಯುತ್ತಿದ್ದರೆ, ಬಾಯಿ ಮೂಗಿನಿಂದ ಚಿಮ್ಮುವ ರಕ್ತ ಇದ್ದರೆ ನೇರ ಓಟಿ ಅಥವಾ ನಾಳದೊಳಗೆ ತಂತಿ ತೂರಿಸಿ ಚಿಕಿತ್ಸೆ ಮಾಡುವ ಕ್ಯಾತ್‌ಲ್ಯಾಬ್. ಔಷಧ ಕೊಟ್ಟರೂ ಕೈ, ಮಾತು ಮತ್ತೆ ಮತ್ತೆ ಹೋಗುತ್ತಿದ್ದರೆ, ಇಲ್ಲವೇ ಗುಳ್ಳೆ ದೊಡ್ಡದಾಗುತ್ತಿದ್ದರೆ, ಜೊತೆಗೆ ಗಾಯ ನಮ್ಮ ಕೈಗೆ ಎಟಕುವ ಜಾಗದಲ್ಲೂ ಇದ್ದರೆ ಆಪರೇಷನ್. ಈ ಕೊನೆಯ ಮಾತು ಮುಖ್ಯ. ಕೊರಳಿನ ನಡುಭಾಗ ಎಟಕುತ್ತದೆ. ದವಡೆಯ ಮೂಲೆಗಿಂತ ಮೇಲೆ ಹೋದಂತೆ ಮೂಳೆ ಅಡ್ಡ ಬರುತ್ತದೆ.

ಪೂರ್ತಿ ಮುಚ್ಚಿಹೋಗಿ ಹೊತ್ತಾದ ನಾಳವನ್ನು ಬಲವಂತವಾಗಿ ತೆರೆಯಲು ನಾನು ಹೋಗುವುದಿಲ್ಲ. ಹೆಪ್ಪು ಮೇಲೆ ಜಾರುವ ಭಯ ಜಾಸ್ತಿ. ಮಿದುಳಿನ ದೊಡ್ಡ ಭಾಗ ಆಗಲೇ ಸತ್ತು ರೋಗಿ ಗಾಢ ಕೋಮಾದಲ್ಲಿದ್ದರೆ ಅಲ್ಲಿಗೆ ಏಕಾಏಕಿ ರಕ್ತ ಹರಿಸುವುದೂ ಅಪಾಯ, ಮಿದುಳು ಊದಿಕೊಳ್ಳಬಹುದು. ಇದನ್ನು ಮನೆಯವರಿಗೆ ಕೂತು ಹೇಳಬೇಕು. ನಿಂತುಕೊಂಡು ಹೇಳುವ ಮಾತಲ್ಲ.

ನಮ್ಮ ಹುಡುಗನಿಗೆ ಹೆಪಾರಿನ್ ಶುರುವಾದ ಮೇಲೂ ಮಧ್ಯಾಹ್ನ ಇನ್ನೊಂದು ಸಲ ಕೈ ಹೋಯಿತು. ಎಂಆರ್‌ಐಯಲ್ಲಿ ಎಡ ಮಿದುಳಿನಲ್ಲಿ ಎರಡು ಸಣ್ಣ ಚುಕ್ಕಿ. ಎಟಕುವ ಜಾಗ, ಕಿರಿಯ ವಯಸ್ಸು. ಸಂಜೆಗೆ ಓಟಿಗೆ ತೆಗೆದುಕೊಂಡೆವು.

ಆಪರೇಷನ್, ಹೆಜ್ಜೆ ಹೆಜ್ಜೆಯಾಗಿ

ಮೊದಲು ಮಲಗಿಸುವುದು. ಕತ್ತಿನ ಮೂಳೆ ಸರಿಯಿದೆ ಅಂತ ಖಾತ್ರಿಯಾದರೆ ಭುಜದ ಕೆಳಗೆ ಸಣ್ಣ ಸುರುಳಿ ಇಟ್ಟು ಮುಖವನ್ನು ಎದುರು ಕಡೆಗೆ ತಿರುಗಿಸುತ್ತೇವೆ. ಖಾತ್ರಿ ಇಲ್ಲದಿದ್ದರೆ ತಲೆ ನೇರವೇ ಇರಲಿ, ಎರಡು ಬದಿಗೆ ಮರಳಿನ ಚೀಲ. ಕಿವಿಯಿಂದ ಎದೆಯವರೆಗೆ ಔಷಧ ಬಳಿದು ಶುದ್ಧ ಮಾಡುತ್ತೇವೆ. ಒಂದು ತೊಡೆಯನ್ನೂ. ಮನೆಯವರು ಆಮೇಲೆ ತೊಡೆಯಲ್ಲಿ ಯಾಕೆ ಹೊಲಿಗೆ ಅಂತ ಗಾಬರಿಯಾಗುತ್ತಾರೆ. ನಾಳ ಸಾಲದೆ ಬಂದರೆ ಹಾಕಲು ಕಾಲಿನ ಸಿರೆ ಬೇಕಾಗುತ್ತದೆ, ಅದಕ್ಕೆ.

ಅರಿವಳಿಕೆ ಡಾಕ್ಟರಿಗೆ ಒಂದೇ ಮಾತು, ಬಿಪಿ ಬೀಳಬಾರದು. ಮಿದುಳಿನ ಒಂದು ದಾರಿ ಕಿರಿದಾಗಿರುವಾಗ ಒತ್ತಡವೂ ಇಳಿದರೆ ಆ ಭಾಗ ಒಣಗುತ್ತದೆ. ಮಣಿಕಟ್ಟಿನ ನಾಳದಲ್ಲಿ ಸೂಜಿ ಇಟ್ಟು ಪ್ರತಿ ಬಡಿತದ ಒತ್ತಡ ನೋಡುತ್ತೇವೆ.

ಎರಡನೇ ಹೆಜ್ಜೆ ಕೊಯ್ತ. ಕಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಓರೆಯಾಗಿ ಒಂದು ದಪ್ಪ ಸ್ನಾಯು ಇದೆ. ತಲೆ ತಿರುಗಿಸಿದರೆ ಎದ್ದು ಕಾಣುತ್ತದೆ. ಅದರ ಮುಂದಿನ ಅಂಚಿನ ಗುಂಟ ಕೊಯ್ಯುತ್ತೇವೆ. ಚರ್ಮದ ಕೆಳಗಿನ ತೆಳು ಸ್ನಾಯುವನ್ನು ದಾಟಿ, ದಪ್ಪ ಸ್ನಾಯುವನ್ನು ಹಿಂದಕ್ಕೆ ಸರಿಸಿದರೆ ಜುಗ್ಯುಲರ್ ಸಿರೆ. ಮುಖದಿಂದ ಬಂದು ಅದಕ್ಕೆ ಸೇರುವ ಒಂದು ಅಡ್ಡ ಸಿರೆ ಕವಲಿಗೆ ಹೋಗುವ ಗೇಟಿನ ಹಾಗೆ ಇರುತ್ತದೆ. ಅದನ್ನು ಕಟ್ಟಿ ಕತ್ತರಿಸಿದರೆ ಕ್ಯಾರೋಟಿಡ್ ಎದುರಿಗೆ ಬರುತ್ತದೆ.

ಇಲ್ಲಿ ನಿಧಾನ ಬೇಕು. ನಾಳಕ್ಕೂ ಸಿರೆಗೂ ನಡುವೆ ಹಿಂದೆ ವೇಗಸ್ ನರ ಇದೆ, ಪೆಟ್ಟಾದರೆ ಸ್ವರ ಹೋಗುತ್ತದೆ. ಕವಲಿನ ಮೇಲೆ ಅಡ್ಡವಾಗಿ ನಾಲಗೆಯ ನರ ಹೋಗುತ್ತದೆ. ರಕ್ತ ತುಂಬಿ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿದ ಜಾಗದಲ್ಲಿ ಇವನ್ನು ಗುರುತಿಸುವುದೇ ಅರ್ಧ ಆಪರೇಷನ್. ಕೆಲವೊಮ್ಮೆ ಕವಲಿನ ಹತ್ತಿರ ಮುಟ್ಟಿದ ಕೂಡಲೇ ಹೃದಯ ಬಡಿತ ಇಳಿಯುತ್ತದೆ, ಅಲ್ಲಿ ಬಿಪಿ ಅಳೆಯುವ ನರದ ತುದಿಗಳಿವೆ. ಕೈ ತೆಗೆದು ಕಾಯುತ್ತೇವೆ. ಬೇಕಾದರೆ ಅಲ್ಲಿಗೆ ಸ್ವಲ್ಪ ಲಿಗ್ನೋಕೇನ್, ಅಂದರೆ ಮರಗಟ್ಟಿಸುವ ಔಷಧ.

ಮೂರನೆಯದು ಹಿಡಿತ. ಗಾಯವನ್ನು ಮುಟ್ಟುವ ಮೊದಲು ಅದರ ಕೆಳಗೆ ಮತ್ತು ಮೇಲೆ ನಾಳದ ಸುತ್ತ ಮೆತ್ತಗಿನ ಪಟ್ಟಿ ಹಾಕಿಕೊಳ್ಳಬೇಕು. ಮೊದಲು ಕೆಳಗೆ, ಗಾಯದಿಂದ ದೂರ, ಆರೋಗ್ಯವಾಗಿರುವ ಜಾಗದಲ್ಲಿ. ಗುಳ್ಳೆಯನ್ನು ಒತ್ತಿ ನೋಡುವ ಆಸೆ ಕಲಿಯುವವರಿಗೆ ಬರುತ್ತದೆ. ಬೇಡ. ಒಳಗಿನ ಹೆಪ್ಪು ಅಲ್ಲಾಡುತ್ತದೆ.

ಆ ಹುಡುಗನ ನಾಳ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗೆ ಆರೋಗ್ಯವಾಗಿದ್ದ ಕಡೆ ತೆಳು ಗುಲಾಬಿ ಬಣ್ಣ, ಹೊಳಪು, ಪ್ರತಿ ಬಡಿತಕ್ಕೂ ಒಂದು ಸಣ್ಣ ಜಿಗಿತ. ಎರಡು ಬೆರಳು ಮೇಲೆ ಬಂದರೆ ಒಂದು ಗೆರೆ ಎಳೆದ ಹಾಗೆ ಬಣ್ಣ ಬದಲು. ನೇರಳೆಹಣ್ಣಿನ ಬಣ್ಣ, ಉಬ್ಬು, ಜಿಗಿತ ಇಲ್ಲ, ಸುಮ್ನೆ ಒಂದು ನಡುಕ. ಹೊರಪದರ ಒಂದೇ ಅವನನ್ನು ಉಳಿಸಿತ್ತು.

ನಾಲ್ಕನೆಯದು ಕ್ಲ್ಯಾಂಪ್. ಬೇರೆ ಕಡೆ ರಕ್ತಸ್ರಾವ ಇಲ್ಲದಿದ್ದರೆ ಹೆಪಾರಿನ್ ಕೊಟ್ಟು ಕೆಲವು ನಿಮಿಷ ಕಾಯುತ್ತೇವೆ. ಆಮೇಲೆ ಮೊದಲ ಕ್ಲ್ಯಾಂಪ್ ಒಳಕವಲಿಗೆ, ಗಾಯದ ಮೇಲೆ. ಮಿದುಳಿನ ಬಾಗಿಲನ್ನು ಮೊದಲು ಮುಚ್ಚಿದರೆ ಕೆಳಗೆ ಏನು ಕಳಚಿದರೂ ಮೇಲೆ ಹೋಗುವುದಿಲ್ಲ. ಆನಂತರ ಕೆಳಗಿನ ಮುಖ್ಯ ನಾಳ, ಹೊರಕವಲು.

ಆಗ ಮಿದುಳಿಗೆ? ಉಳಿದ ಮೂರು ನಾಳಗಳು ತಲೆಯೊಳಗೆ ಒಂದು ಉಂಗುರದಲ್ಲಿ ಕೂಡಿಕೊಂಡಿರುತ್ತವೆ, ಹೆಚ್ಚಿನವರಿಗೆ ಅಲ್ಲಿಂದ ಸಾಕಷ್ಟು ಬರುತ್ತದೆ. ಮೇಲಿನ ತುದಿಯಿಂದ ಹಿಂದಕ್ಕೆ ಬರುವ ರಕ್ತ ಜೋರಾಗಿದೆಯಾ, ಸುಮ್ನೆ ಒಸರುತ್ತಿದೆಯಾ ಅಂತ ನೋಡುತ್ತೇವೆ, ಒತ್ತಡ ಅಳೆಯುತ್ತೇವೆ. ಕಡಿಮೆ ಇದ್ದರೆ ಶಂಟ್ ಇಡಬೇಕು. ಅದೊಂದು ಮೆತ್ತಗಿನ ಪ್ಲಾಸ್ಟಿಕ್ ನಳಿಕೆ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಫ್ಲೈಓವರ್ ಕಟ್ಟುವಾಗ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಗಾಡಿ ಬಿಟ್ಟರಲ್ಲ, ಹಾಗೆ. ಕೆಳಗಿನ ತುದಿಯಿಂದ ಮೇಲಿನ ತುದಿಗೆ ರಕ್ತ ಹರಿಯುತ್ತಿರುವಾಗಲೇ ನಾವು ಕೆಲಸ ಮಾಡುತ್ತೇವೆ. ನಳಿಕೆ ತೂರಿಸುವಾಗಲೂ ಹೆಪ್ಪು, ಗಾಳಿಗುಳ್ಳೆ ಮೇಲೆ ಹೋಗದಂತೆ ನೋಡಬೇಕು.

ಐದನೆಯದು, ತೆರೆದು ಕೆಟ್ಟದ್ದನ್ನು ತೆಗೆಯುವುದು. ಹೆಪ್ಪನ್ನು ಚಿಮುಟದಿಂದ ಮೆಲ್ಲಗೆ ಎತ್ತುತ್ತೇವೆ. ಮೇಲೆ ಕಾಣದ ಜಾಗಕ್ಕೆ ಬಲೂನಿನ ಕ್ಯಾತಿಟರ್ ಕುರುಡಾಗಿ ತೂರಿಸಬಾರದು, ಒಳಪದರ ಇನ್ನಷ್ಟು ಕಿತ್ತುಬರುತ್ತದೆ. ಬಿರಿದ ಭಾಗವನ್ನು ಆರೋಗ್ಯವಾದ ಒಳಪದರ ಕಾಣುವವರೆಗೆ ಕತ್ತರಿಸುತ್ತೇವೆ. ಇಲ್ಲಿ ಜಿಪುಣತನ ಮಾಡಬಾರದು. ಜಜ್ಜಿದ ಗೋಡೆಗೆ ಹೊಲಿಗೆ ಹಾಕಿದರೆ ಅದೇ ಜಾಗದಲ್ಲಿ ರಾತ್ರಿಯೊಳಗೆ ಮತ್ತೆ ಹೆಪ್ಪು.

ಆರನೆಯದು, ಜೋಡಿಸುವುದು. ಅಂತರ ಒಂದೆರಡು ಸೆಂಟಿಮೀಟರ್ ಒಳಗಿದ್ದು ಎಳೆತ ಇಲ್ಲದೆ ಕೂಡಿದರೆ ತುದಿಗೆ ತುದಿ ಹೊಲಿಯಬಹುದು. ಎಳೆದು ಹೊಲಿದರೆ ಹರಿಯುತ್ತದೆ. ಅಂತರ ಜಾಸ್ತಿ ಇದ್ದರೆ ತೊಡೆಯ ಸಿರೆಯ ತುಂಡು. ಅದನ್ನು ತಲೆಕೆಳಗು ಮಾಡಿ ಹಾಕಬೇಕು, ಯಾಕೆಂದರೆ ಸಿರೆಯೊಳಗೆ ಒಂದೇ ಕಡೆಗೆ ಬಿಡುವ ಕವಾಟಗಳಿವೆ. ತೋಟದ ಪಂಪಿನ ಫುಟ್‌ವಾಲ್ವ್ ಉಲ್ಟಾ ಹಾಕಿದರೆ ನೀರು ಏರುತ್ತದಾ? ಇದೂ ಹಾಗೆ. ಕೆಲವೊಮ್ಮೆ ಹೊರಕವಲನ್ನೇ ಕತ್ತರಿಸಿ ತಿರುಗಿಸಿ ಒಳಕವಲಿನ ಮೇಲಿನ ತುದಿಗೆ ಜೋಡಿಸುತ್ತೇವೆ. ಮುಖಕ್ಕೆ ಎದುರು ಬದಿಯಿಂದ ರಕ್ತ ಸಿಗುತ್ತದೆ, ತೊಂದರೆ ಇಲ್ಲ. ಸಿರೆ ಸರಿಯಿಲ್ಲದಿದ್ದರೆ ಪಿಟಿಎಫ್‌ಇ ಅನ್ನುವ ಕೃತಕ ನಳಿಕೆ. ಹೊಲಿಯುವುದು ಕೂದಲಿನಷ್ಟು ಸಣ್ಣ ಪ್ರೋಲಿನ್ ನೂಲಿನಿಂದ, 6-0 ಅಳತೆಯದ್ದು. ಮೇಲಿನ ತುದಿಯಲ್ಲಿ ಒಳಪದರ ಎದ್ದಿದ್ದರೆ ಅದನ್ನು ಒಂದೆರಡು ಹೊಲಿಗೆಯಿಂದ ಗೋಡೆಗೆ ಕೂರಿಸಬೇಕು. ಮರೆತರೆ ರಕ್ತ ಹರಿದ ಕೂಡಲೇ ಆ ಅಂಚು ಮತ್ತೆ ಏಳುತ್ತದೆ.

ಆ ಹುಡುಗನಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಸಿರೆ ಹಾಕಿದೆವು.

ಏಳನೆಯದು ಬಿಡುವ ಕ್ರಮ. ನನ್ನ ಮಟ್ಟಿಗೆ ಇಡೀ ಆಪರೇಷನ್ನಿನ ಜೀವ ಇಲ್ಲಿದೆ. ಕೊನೆಯ ಗಂಟು ಹಾಕುವ ಮೊದಲು ಶಂಟ್ ಇದ್ದರೆ ತೆಗೆದು, ಮೇಲಿನ ಕ್ಲ್ಯಾಂಪನ್ನು ಒಂದು ಕ್ಷಣ ಸಡಿಲಿಸುತ್ತೇವೆ. ಹಿಂದಕ್ಕೆ ಬಂದ ರಕ್ತ ಗಾಳಿ, ಕಸವನ್ನು ಹೊರಗೆ ತಳ್ಳುತ್ತದೆ. ಮುಚ್ಚಿ, ಕೆಳಗಿನದನ್ನೂ ಹಾಗೆಯೇ. ಹೆಪಾರಿನ್ ನೀರಿನಿಂದ ತೊಳೆದು ಗಂಟು. ಈಗ ಮೊದಲು ಬಿಡುವುದು ಹೊರಕವಲನ್ನು. ಆಮೇಲೆ ಕೆಳಗಿನ ಮುಖ್ಯ ನಾಳ. ಕೆಲವು ಬಡಿತ ರಕ್ತ ಮುಖದ ಕಡೆಗೆ ಹರಿಯಲಿ. ಏನಾದರೂ ಚೂರು ಉಳಿದಿದ್ದರೆ ಕೆನ್ನೆಗೋ ತಲೆಯ ಚರ್ಮಕ್ಕೋ ಹೋಗುತ್ತದೆ, ಅಲ್ಲಿ ಅದು ಹಾನಿ ಮಾಡುವುದು ಕಡಿಮೆ. ಕಟ್ಟಕಡೆಗೆ ಒಳಕವಲು. ಹೊರಕವಲನ್ನು ತಿರುಗಿಸಿ ಜೋಡಿಸಿದವರಲ್ಲಿ ಈ ಅನುಕೂಲ ಇರುವುದಿಲ್ಲ, ಹಾಗಾಗಿ ತೊಳೆಯುವುದನ್ನು ಇನ್ನಷ್ಟು ಜಾಗ್ರತೆಯಿಂದ ಮಾಡುತ್ತೇವೆ.

ಓಟಿಯಲ್ಲಿ ಈ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಯಾವ ಕ್ಲ್ಯಾಂಪ್ ಬಿಡುತ್ತಿದ್ದೇನೆ ಅಂತ ನಾನು ಜೋರಾಗಿ ಹೇಳುತ್ತೇನೆ, ಎದುರು ನಿಂತ ನರ್ಸ್ ತಿರುಗಿ ಹೇಳಬೇಕು. ಆಮೇಲೆಯೇ ಕೈ.

ಎಂಟನೆಯದಾಗಿ, ಡಾಪ್ಲರ್ ಅಥವಾ ಆಂಜಿಯೋ ಮಾಡಿ ರಕ್ತ ಸರಾಗ ಹೋಗುತ್ತಿದೆ ಅಂತ ಅಲ್ಲಿಯೇ ನೋಡಿ, ಒಳಗೆ ಸೇರುವ ರಕ್ತ ಹೊರಬರಲು ಡ್ರೈನ್ ನಳಿಕೆ ಇಟ್ಟು ಮುಚ್ಚುತ್ತೇವೆ. ಏನು ಮಾಡಿದರೂ ಜೋಡಿಸಲು ಆಗದೆ ರೋಗಿ ರಕ್ತ ಸುರಿಸುತ್ತಿದ್ದರೆ ನಾಳವನ್ನು ಕಟ್ಟಿಬಿಡುವುದೂ ಒಂದು ದಾರಿ. ಸ್ಟ್ರೋಕ್ ಅಪಾಯ ದೊಡ್ಡದು, ಆದರೆ ಜೀವ ಮೊದಲು.

ಕೈಗೆ ಎಟಕದ ಗಾಯಗಳು

ತಲೆಬುರುಡೆಯ ತಳದ ಹತ್ತಿರದ ಗಾಯಕ್ಕೆ ದವಡೆಯನ್ನು ಮುಂದಕ್ಕೆ ಜಾರಿಸಿ ಜಾಗ ಮಾಡಿಕೊಳ್ಳಬಹುದು, ಮೂಗಿನಿಂದ ಟ್ಯೂಬ್ ಹಾಕಿರಬೇಕು. ಆದರೆ ಈಗ ಹೆಚ್ಚಾಗಿ ತೊಡೆಯ ನಾಳದಿಂದ ತಂತಿ ಒಯ್ದು ಸ್ಟೆಂಟ್, ಅಂದರೆ ನಾಳವನ್ನು ಒಳಗಿಂದ ತೆರೆದು ಹಿಡಿಯುವ ಬಲೆಯಂಥ ನಳಿಕೆ, ಇಡುವುದೇ ಸುಲಭ. ಸ್ಟೆಂಟ್ ಇಟ್ಟರೆ ಆಸ್ಪಿರಿನ್ ಜೊತೆ ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ಕೂಡ ಬೇಕು. ಮಿದುಳಿನಲ್ಲಿ ರಕ್ತಸ್ರಾವ ಇರುವವರಿಗೆ ಎರಡೂ ಒಟ್ಟಿಗೆ ಕೊಡುವುದು ಕಷ್ಟ. ಹಾಗಾಗಿ ಸ್ಕ್ಯಾನಿನಲ್ಲಿ ಗುಳ್ಳೆ ಕಂಡ ಕೂಡಲೇ ಎಲ್ಲರಿಗೂ ಸ್ಟೆಂಟ್ ಬೇಡ. ದೊಡ್ಡದಾಗುತ್ತಿದ್ದರೆ, ದಾರಿ ತೀರಾ ಕಿರಿದಾಗಿದ್ದರೆ ಮಾತ್ರ.

ವರ್ಟಿಬ್ರಲ್ ಮೂಳೆಯ ಸುರಂಗದೊಳಗೆ ಇರುವುದರಿಂದ ಅದಕ್ಕೆ ಕೊಯ್ತ ತೀರಾ ಅಪರೂಪ. ಔಷಧವೇ ಸಾಕು. ರಕ್ತ ಸುರಿಯುತ್ತಿದ್ದರೆ ಒಳಗಿಂದ ಕಾಯಿಲ್, ಅಂದರೆ ಸಣ್ಣ ತಂತಿಸುರುಳಿ, ಇಟ್ಟು ಮುಚ್ಚುತ್ತಾರೆ. ಎದುರು ಬದಿಯ ವರ್ಟಿಬ್ರಲ್ ಚೆನ್ನಾಗಿದೆ ಅಂತ ಮೊದಲು ನೋಡಿಕೊಂಡೇ.

ಮೊದಲ ರಾತ್ರಿ

ಐಸಿಯುನಲ್ಲಿ ಗಂಟೆಗೊಮ್ಮೆ ಎಬ್ಬಿಸುತ್ತಾರೆ. ನಿದ್ದೆ ಮಾಡಲು ಬಿಡುವುದಿಲ್ಲ ಅಂತ ಮನೆಯವರಿಗೆ ಬೇಸರ. ನಗಿಸಿ ಬಾಯಿಯ ಮೂಲೆ ನೋಡಬೇಕು, ನಾಲಗೆ ಹೊರಹಾಕಿಸಬೇಕು, ಎರಡೂ ಕೈ ಎತ್ತಿಸಬೇಕು, ಮಾತಾಡಿಸಬೇಕು.

ಮಾತಾಡಿಸುವುದರಲ್ಲಿ ಒಂದು ವಿಷಯ ನಮ್ಮ ಊರಿಗೆ ವಿಶೇಷ. ಇಲ್ಲಿ ರೋಗಿಯ ಮನೆಮಾತು ತುಳು ಇರಬಹುದು, ಕೊಂಕಣಿ, ಬ್ಯಾರಿ, ಮಲಯಾಳಂ ಇರಬಹುದು. ಹೊರ ಊರಿಂದ ಬಂದ ಡಾಕ್ಟರ್ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿ, ರೋಗಿ ತಡವರಿಸಿದರೆ ಭಾಷೆ ಬರುವುದಿಲ್ಲ ಅಂದುಕೊಂಡು ಹೋಗಿಬಿಡುತ್ತಾರೆ. ಅದು ಸ್ಟ್ರೋಕಿನ ಮೊದಲ ಲಕ್ಷಣ ಆಗಿರಬಹುದು. ರಾತ್ರಿ ಪಾಳಿಯಲ್ಲಿ ರೋಗಿಯ ಭಾಷೆ ಬಲ್ಲ ಒಬ್ಬರು ಇರಲೇಬೇಕು. ನಮ್ಮ ಹುಡುಗನನ್ನು ಅವತ್ತು ರಾತ್ರಿ ನರ್ಸ್ "ವಣಸ್ ಆಂಡಾ?", ಅಂದರೆ ಊಟ ಆಯ್ತಾ, ಅಂತ ಕೇಳಿದಾಗ, ಎಲ್ಲಿ, ನೀವು ಕೊಡಲೇ ಇಲ್ಲವಲ್ಲ ಅಂತ ತುಳುವಿನಲ್ಲೇ ಸ್ಪಷ್ಟವಾಗಿ ಹೇಳಿದ. ಅಷ್ಟು ಸಾಕಿತ್ತು.

ಬಿಪಿ ಏರಲೂ ಬಾರದು, ಬೀಳಲೂ ಬಾರದು. ಏರಿದರೆ ಹೊಲಿಗೆಯಿಂದ ರಕ್ತ ಒಸರುತ್ತದೆ, ಮಿದುಳಿಗೂ ಅಪಾಯ. ಆಪರೇಷನ್ ಆದ ಬದಿಯಲ್ಲಿ ಜೋರು ತಲೆನೋವು ಬಂದರೆ ಕೂಡಲೇ ಹೇಳಿ.

ಎಲ್ಲಕ್ಕಿಂತ ಹೆದರಬೇಕಾದದ್ದು ಕುತ್ತಿಗೆಯ ಊತ. ಪಟ್ಟಿಯ ಕೆಳಗೆ ಊದುತ್ತಾ, ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ ಓಟಿ ಖಾಲಿ ಇದೆಯಾ ಅಂತ ಕೇಳುತ್ತಾ ಕೂರಬಾರದು. ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಿ ಒಳಗಿನ ರಕ್ತ ಹೊರಗೆ ಬಿಡಬೇಕು. ಇಂಥ ರೋಗಿಯ ತಲೆದೆಸೆಯಲ್ಲಿ ಹೊಲಿಗೆ ಬಿಚ್ಚುವ ಕತ್ತರಿಯ ಟ್ರೇ ಇಟ್ಟಿದ್ದಾರಾ ಅಂತ ನಾನು ಮನೆಗೆ ಹೋಗುವ ಮೊದಲು ನೋಡಿಯೇ ಹೋಗುತ್ತೇನೆ.

ಮೊದಲು ನೀರು ಕುಡಿಸುವಾಗ ಕೂರಿಸಿ, ಒಂದೇ ಚಮಚ. ಕೆಮ್ಮಿದರೆ ನಿಲ್ಲಿಸಿ. ಸ್ವರ ಒಡೆದಿರುವುದು, ನಾಲಗೆ ಒಂದು ಕಡೆಗೆ ಹೋಗುವುದು ನರ ಎಳೆದದ್ದರಿಂದ ಆಗಿದ್ದರೆ ಹೆಚ್ಚಾಗಿ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ.

ಮನೆಗೆ ಹೋದ ಮೇಲೆ

ಔಷಧ ಮಾತ್ರ ಕೊಟ್ಟವರಿಗೆ 7ರಿಂದ 10 ದಿನದಲ್ಲಿ ಸಿಟಿ ಆಂಜಿಯೋ ಮತ್ತೆ ಮಾಡುತ್ತೇವೆ. ಮಾಯ್ದಿದ್ದರೆ ಔಷಧ ನಿಲ್ಲಿಸಬಹುದು. ಇಲ್ಲದಿದ್ದರೆ ಮೂರರಿಂದ ಆರು ತಿಂಗಳು ಮುಂದುವರಿಸಿ ಮತ್ತೆ ನೋಡುತ್ತೇವೆ. ಆರಾಮ ಇದ್ದೇನೆ ಅಂತ ಸ್ಕ್ಯಾನ್ ತಪ್ಪಿಸುವವರು ಬಹಳ. ಹೊರಗೆ ಆರಾಮ ಇರುವುದೇ ಈ ಗಾಯದ ಗುಣ, ಅಲ್ವಾ?

ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಹಲ್ಲು ಕೀಳಿಸಲು ಹೋದರೆ ಮೊದಲು ನಮಗೊಂದು ಫೋನ್ ಮಾಡಿ. ಮಲ ಕಪ್ಪಾದರೆ, ಹೊಟ್ಟೆ ಉರಿದರೆ ಹೇಳಿ. ಬೀಡಿ ಸಿಗರೇಟು ಬಿಡಿ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ಮುರಿಸುವುದು ಇನ್ನು ಜೀವನದಲ್ಲಿ ಬೇಡ. ಗಾಯ ಇಲ್ಲದವರಿಗೂ ಬೇಡ ಅನ್ನುತ್ತೇನೆ, ಆ ಒಂದು ತಿರುಚುವಿಕೆಯಿಂದಲೇ ಒಳಪದರ ಬಿರಿದವರಿದ್ದಾರೆ. ಕೈ ಜಾರಿದರೆ, ಮಾತು ತೊದಲಿದರೆ, ಒಂದು ಕಣ್ಣಿಗೆ ಪರದೆ ಬಿದ್ದ ಹಾಗಾದರೆ, ಎರಡೇ ನಿಮಿಷದಲ್ಲಿ ಸರಿಯಾದರೂ, ಅವತ್ತೇ ಬನ್ನಿ.

ಆ ಹುಡುಗ ಮೂರನೇ ತಿಂಗಳ ಸ್ಕ್ಯಾನಿಗೆ ತಾಯಿಯ ಜೊತೆ ಬಂದ. ಸಿರೆಯ ತುಂಡು ಚೆನ್ನಾಗಿ ಕೂತಿತ್ತು, ಎರಡು ತುದಿಯೂ ನುಣುಪು. ರೆಪ್ಪೆ ಮಾತ್ರ ಇನ್ನೂ ಆ ಒಂದು ಕೂದಲಿನಷ್ಟು ಕೆಳಗೇ ಇತ್ತು. ಅದು ಹಾಗೆಯೇ ಉಳಿಯಬಹುದು ಅಂದೆ. ಅವನಿಗೆ ಅದರ ಚಿಂತೆ ಇರಲಿಲ್ಲ. ಬೋಟಿಗೆ ಯಾವಾಗ ಹೋಗಬಹುದು ಅಂತ ಕೇಳಿದ. ಭಾರ ಎಳೆಯುವ ಕೆಲಸ ಇನ್ನು ಮೂರು ತಿಂಗಳು ಬೇಡ, ಅಲ್ಲಿಯವರೆಗೆ ದಕ್ಕೆಯಲ್ಲಿ ಲೆಕ್ಕ ಬರೆಯುವುದೋ ಬಲೆ ಹೆಣೆಯುವುದೋ ಮಾಡು ಅಂದೆ. ತಾಯಿ ನಡುವೆ ಬಾಯಿ ಹಾಕಿ, "ಬಲೆ ಹೆಣೆಯಲಿ ಡಾಕ್ಟ್ರೇ, ಬಲಗೈ ಹೇಗೆ ಓಡ್ತದೆ ಅಂತ ದಿನಾ ನಾನು ನೋಡ್ಬಹುದು" ಅಂದರು.